ತೂತು ಬೀಳದ ಕಬ್ಬಿಣ

ಭಾನುವಾರ ಬೆಳಿಗ್ಗೆ ಅಬಿಡ್ಸ್‌ನಲ್ಲಿ ಅಂಗಡಿಗಳ ಶಟರ್ ಇಳಿದಿರುತ್ತವೆ, ಅವುಗಳ ಮುಂದಿನ ಫುಟ್‌ಪಾತ್ ತೆರೆದುಕೊಂಡಿರುತ್ತದೆ. ಜಿಪಿಓ ಕಡೆಯಿಂದ ಹೊರಟರೆ ಕಾಲಿಡಲು ಜಾಗ ಹುಡುಕಬೇಕು. ಟಾರ್ಪಾಲಿನ ಮೇಲೆ ಎಂಸೆಟ್ ಗೈಡುಗಳು, ಮುಖಪುಟ ಮಡಚಿದ ಇಂಗ್ಲಿಷ್ ಕಾದಂಬರಿಗಳು, ತೆಲುಗು ವಾರಪತ್ರಿಕೆಗಳ ಬೈಂಡು, ಉರ್ದು ಶಾಯರಿ, ಮುಚ್ಚಿಹೋದ ಯಾವುದೋ ಗ್ರಂಥಾಲಯದ ಮೊಹರು ಹೊತ್ತ ದಪ್ಪ ಸಂಪುಟಗಳು. ಬೀದರಿನಿಂದ ಕೆಲಸಕ್ಕೆಂದು ಬಂದು ಇಲ್ಲೇ ನೆಲೆ ನಿಂತ ನನಗೆ ಈ ಸಂತೆ ತಪ್ಪಿಸಲಾಗದ ವಾರದ ನೇಮ. ರಾಶಿಯ ನಡುವೆ ಒಂದು ಕನ್ನಡ ಪುಸ್ತಕ ಕಂಡರೆ, ಕೊಳ್ಳಲಿ ಬಿಡಲಿ, ಎತ್ತಿ ಧೂಳು ಒರೆಸಿ ಮೇಲಿಟ್ಟು ಬರುತ್ತೇನೆ.

ಅಂಥ ಒಂದು ಭಾನುವಾರ ಕೈಗೆ ಸಿಕ್ಕಿದ್ದು ರಟ್ಟು ಕಿತ್ತುಹೋದ, ಮೊದಲ ಹಾಳೆಗಳಿಲ್ಲದ ಒಂದು ಇಂಗ್ಲಿಷ್ ಪುಸ್ತಕ. ಯುದ್ಧನೌಕೆಗಳ ಚರಿತ್ರೆ. ಬಿಡಿಸಿದ ಕಡೆ ಒಂದು ಕೆತ್ತನೆ ಚಿತ್ರ: ನೀರಿಗೆ ಅಂಟಿದಂತೆ ತಗ್ಗಾದ ಒಡಲು, ಎರಡು ಹೊಗೆ ಕೊಳವೆ, ಎರಡು ಕೂವೆಮರ, ಹೊಗೆ ಕೊಳವೆಗಳ ಮುಂದೆ ಓರೆಯಾಗಿ ಕೂತ ಎರಡು ದುಂಡು ಬುರುಜು. ಕೆಳಗೆ ಹಳೆಯ ಕಾಗುಣಿತದಲ್ಲಿ ‘ಟಿಂಗ್ ಯುಯೆನ್’ ಎಂಬ ಹೆಸರು. ಚೀನಾದ ಹಡಗು.

“ಪಾನಿ ಕಾ ಜಹಾಜ್ ಹೈ ಸಾಬ್, ಬಹುತ್ ಪುರಾನಾ. ದೋ ಸೌ ದೇದೋ” ಅಂದ ಅಂಗಡಿಯವ. “ಡೇಢ್ ಸೌ ಲೇಲೋ ಭಾಯ್” ಅಂದೆ. ಕೊಟ್ಟ.

ಹೈದರಾಬಾದಿಗೆ ಸಮುದ್ರವಿಲ್ಲ. ಮಚಲಿಪಟ್ಟಣದ ಕಡಲು ಮುನ್ನೂರು ಕಿಲೋಮೀಟರಿಗೂ ಆಚೆ. ಬೀದರ್, ಕಲಬುರಗಿ, ರಾಯಚೂರುಗಳಲ್ಲಿ ಬೆಳೆದ ನಮ್ಮಂಥವರಿಗೆ ನೀರೆಂದರೆ ಕೆರೆ, ಬಾವಿ, ಕೃಷ್ಣೆ, ಮಾಂಜರಾ. ಆದರೂ ಆ ಚಿತ್ರ ಬಿಡಲಿಲ್ಲ. ಮುಂದೆ ವರ್ಷಗಟ್ಟಲೆ ಆ ಹಡಗಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಹೊಟ್ಟೆಯೊಳಗೆ ಸಂಕಟವಾಯಿತು.

ಅದರ ಇಂದಿನ ಉಚ್ಚಾರ ಡಿಂಗ್‌ಯುವಾನ್. ಜೋಡಿ ಹಡಗು ಝೆನ್‌ಯುವಾನ್. ದೂರದವರನ್ನು ಹದ್ದುಬಸ್ತಿನಲ್ಲಿಡುವುದು ಎಂಬ ಅರ್ಥ ಎರಡು ಹೆಸರಿನಲ್ಲೂ ಇದೆ. ಚೀನಾದ ಚಿಂಗ್ ದೊರೆತನದಲ್ಲಿ ಉತ್ತರದ ಕಡಲನ್ನು ಕಾಯಲು ಬೆಯಾಂಗ್ ನೌಕಾದಳ ಕಟ್ಟಿದ ಲಿ ಹೊಂಗ್‌ಝಾಂಗ್ ಇವನ್ನು ಮಾಡಿಸಿದ್ದು ಜರ್ಮನಿಯಲ್ಲಿ, ಸ್ಟೆಟಿನ್ ಊರಿನ ವುಲ್ಕಾನ್ ಕಾರ್ಖಾನೆಯಲ್ಲಿ. ಆ ಊರು ಈಗ ಪೋಲೆಂಡಿನ ಶ್ಚೆಚಿನ್. ಡಿಂಗ್‌ಯುವಾನ್ ನೀರಿಗಿಳಿದದ್ದು 1881ರ ಡಿಸೆಂಬರಿನಲ್ಲಿ, ಝೆನ್‌ಯುವಾನ್ ಮರುವರ್ಷದ ನವೆಂಬರಿನಲ್ಲಿ. ಮೂರನೆಯದಕ್ಕೆ ಹಣ ಸಾಲದೆ ಅದನ್ನು ಚಿಕ್ಕದಾಗಿ ಕಟ್ಟಿಸಬೇಕಾಯಿತು.

ಅಬಿಡ್ಸ್‌ನ ಹೆಸರೂ ಅದೇ ಕಾಲದ್ದು. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಖಾಸಾ ಸೇವಕನಾಗಿದ್ದ ಆಲ್ಬರ್ಟ್ ಅಬಿದ್ ಇಲ್ಲಿ ಅಂಗಡಿ ಇಟ್ಟಿದ್ದ, ಅವನ ಹೆಸರೇ ಪೇಟೆಗೆ ನಿಂತಿತು. ಮಹಬೂಬ್ ಅಲಿ ಖಾನರ ಕೈಗೆ ಪೂರ್ಣ ಅಧಿಕಾರ ಬಂದದ್ದು 1884ರಲ್ಲಿ. ಆ ವರ್ಷ ಚೀನಾದ ಎರಡೂ ಹಡಗುಗಳು ಜರ್ಮನಿಯಲ್ಲೇ ಕಟ್ಟಿಹಾಕಿದಂತೆ ನಿಂತಿದ್ದವು. ಚೀನಾಕ್ಕೂ ಫ್ರಾನ್ಸಿಗೂ ಯುದ್ಧ ನಡೆದಿತ್ತು, ಅದು ಮುಗಿಯುವ ತನಕ ಜರ್ಮನಿ ಅವನ್ನು ಬಿಟ್ಟುಕೊಡಲಿಲ್ಲ. ಮೂರು ವರ್ಷ ಕಳೆದು 1887ರಲ್ಲಿ ನಿಜಾಮರು ವಾಯವ್ಯ ಗಡಿಯ ರಕ್ಷಣೆಗೆಂದು ಬ್ರಿಟಿಷರಿಗೆ 60 ಲಕ್ಷ ರೂಪಾಯಿ ಕೊಡಲು ಮುಂದೆ ಬಂದರು. ರಾಯಚೂರು, ಕಲಬುರಗಿ, ಬೀದರಿನ ರೈತರ ಕಂದಾಯವೂ ಸೇರುತ್ತಿದ್ದ ಖಜಾನೆ ಅದು. ಏಷ್ಯಾದ ಹಲವು ದೊರೆಗಳು ಹಣ ಕೊಟ್ಟು ಅಭಯ ಕೊಳ್ಳುತ್ತಿದ್ದ ದಿನಗಳು. ಮುಂಬಯಿ ಬಂದರಿನ ಕಾವಲಿಗೂ ‘ಮಗ್ದಲಾ’, ‘ಅಬಿಸಿನಿಯಾ’ ಎಂಬ ಎರಡು ಕಬ್ಬಿಣ ಹೊದಿಸಿದ ನೌಕೆಗಳು 1870ರಲ್ಲಿ ಲಂಡನ್ನಿನಲ್ಲಿ ನೀರಿಗಿಳಿದಿದ್ದವು. ಆದರೆ ಅವು ಬ್ರಿಟಿಷರವು. ಚೀನಾ ತನ್ನ ಬಾವುಟ ಹಾರಿಸಲು ತಾನೇ ಕೊಂಡದ್ದು ಡಿಂಗ್‌ಯುವಾನ್. ಅದಕ್ಕೇ ನನಗೆ ಅದರ ಮೇಲೆ ಇಷ್ಟು ಅಕ್ಕರೆ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ದಡದ ಮೇಲೆ ನಿಲ್ಲಿಸಿರುವ ‘ಚಪಲ್’ ಯುದ್ಧನೌಕೆಯನ್ನು ನೋಡಿದವರು ಅದರ ಉದ್ದವನ್ನು ನೆನಪಿಸಿಕೊಳ್ಳಿ, ಸುಮಾರು 39 ಮೀಟರ್. ಡಿಂಗ್‌ಯುವಾನ್ ಹತ್ತಿರ ಹತ್ತಿರ 95 ಮೀಟರ್, ತೂಕ ಏಳು ಸಾವಿರ ಟನ್ನಿಗೂ ಮೇಲೆ. ಹೊಗೆ ಕೊಳವೆಗಳ ಮುಂದಿದ್ದ ಆ ಎರಡು ಬುರುಜುಗಳನ್ನು ಬಾವಿಕಟ್ಟೆ ಅಂದುಕೊಂಡರೆ ಸರಿಯಾಗಿ ಕಣ್ಣಿಗೆ ಕಟ್ಟುತ್ತದೆ. ದುಂಡಗೆ ಎದ್ದ ದಪ್ಪ ಲೋಹದ ಕಟ್ಟೆ, ಒಳಗೆ ತಿರುಗಣೆ, ತಿರುಗಣೆಯ ಮೇಲೆ ಜೋಡಿ ಫಿರಂಗಿ. ಒಂದು ಕಟ್ಟೆ ಬಲಕ್ಕೆ, ಇನ್ನೊಂದು ಎಡಕ್ಕೆ, ಸ್ವಲ್ಪ ಹಿಂದುಮುಂದಾಗಿ. ಹಾಗಾಗಿ ಹಡಗು ಶತ್ರುವಿಗೆ ಎದೆಕೊಟ್ಟು ನಿಂತರೆ ನಾಲ್ಕೂ ಬಾಯಿ ಮುಂದಕ್ಕೆ ಬೆಂಕಿ ಉಗುಳಬಹುದು. ಜರ್ಮನಿಯ ಕ್ರುಪ್ ಕಂಪನಿಯ ಆ ಫಿರಂಗಿಗಳ ಬಾಯಿ 305 ಮಿಲಿಮೀಟರ್ ಅಗಲ. ವಿಜಯಪುರದ ಮಲಿಕ್-ಎ-ಮೈದಾನ್ ಫಿರಂಗಿಯ ಮೈ ಸವರಿ ಬಂದವರಿಗೆ ದೊಡ್ಡ ಬಾಯಿ ಹೊಸದಲ್ಲ. ಅದು ಬುರುಜಿನ ಮೇಲೆ ಕೂತ ಜಾಗ ಬಿಟ್ಟು ಕದಲದು, ಇವು ನೀರ ಮೇಲೆ ದೇಶ ದಾಟಿ ಬರುವಂಥವು.

ಎಲ್ಲಕ್ಕಿಂತ ನನ್ನನ್ನು ಹಿಡಿದದ್ದು ಅದರ ಕವಚ. ನಡುಭಾಗದಲ್ಲಿ, ಇಂಜಿನ್ನು ಮತ್ತು ಮದ್ದಿನ ಕೋಣೆಗಳ ಸುತ್ತ, 14 ಇಂಚು ದಪ್ಪದ ಪಟ್ಟಿ. ನಮ್ಮೂರ ಕಡೆ ಕಮ್ಮಾರ ಕೊಡಲಿ ಮಾಡುವುದನ್ನು ಕುಲುಮೆಯ ಮುಂದೆ ಕೂತು ನೋಡಿದವರಿಗೆ ಆ ಕವಚದ ಗುಟ್ಟು ಬೇಗ ತಿಳಿಯುತ್ತದೆ. ಕೊಡಲಿ ಪೂರ್ತಿ ಉಕ್ಕಾದರೆ ಪೆಟ್ಟಿಗೆ ಸಿಡಿದು ಹೋಗುತ್ತದೆ. ಪೂರ್ತಿ ಮೆತುಕಬ್ಬಿಣವಾದರೆ ಬಾಯಿ ಮಡಚಿಕೊಳ್ಳುತ್ತದೆ. ಅದಕ್ಕೆ ಮೆತುಕಬ್ಬಿಣದ ಒಡಲಿಗೆ ಉಕ್ಕಿನ ಬಾಯಿ ಬೆಸೆಯುತ್ತಾನೆ. ಡಿಂಗ್‌ಯುವಾನಿನ ಕವಚವೂ ಅದೇ ಕಸುಬು: ಹೊರಮೈ ಗಟ್ಟಿ ಉಕ್ಕು, ಬೆನ್ನು ಮೆತುಕಬ್ಬಿಣ. ಬಂದ ಗುಂಡನ್ನು ಮುಖ ಒಡೆಯಬೇಕು, ಪೆಟ್ಟನ್ನು ಬೆನ್ನು ನುಂಗಬೇಕು.

1885ರ ಬೇಸಿಗೆಯಲ್ಲಿ ಜರ್ಮನ್ ಬಾವುಟದಡಿ ಹೊರಟ ಹಡಗುಗಳು ನಮ್ಮ ಹಿಂದೂ ಮಹಾಸಾಗರ ಹಾಯ್ದು ಆ ವರ್ಷದ ಕೊನೆಯ ಹೊತ್ತಿಗೆ ಚೀನಾ ಮುಟ್ಟಿದವು. ಪೂರ್ವದ ಕಡಲಿನಲ್ಲಿ ಅವಕ್ಕೆ ಸರಿಗಟ್ಟುವ ಏಷ್ಯಾದ ಹಡಗು ಇರಲಿಲ್ಲ. ಅವನ್ನು ನಿಲ್ಲಿಸಿ ತಳ ತಿಕ್ಕಿ ರಿಪೇರಿ ಮಾಡುವಷ್ಟು ದೊಡ್ಡ ಒಣಕಟ್ಟೆ ಮಾತ್ರ ಬೆಯಾಂಗ್ ದಳದ ಬಳಿ ಆಗಿನ್ನೂ ಇರಲಿಲ್ಲ. 1886ರ ಆಗಸ್ಟಿನಲ್ಲಿ ಜಪಾನಿನ ನಾಗಸಾಕಿಗೆ ಹೋಗಬೇಕಾಯಿತು. ಅಲ್ಲಿ ಊರಿಗಿಳಿದ ಚೀನೀ ನಾವಿಕರಿಗೂ ಪೊಲೀಸರಿಗೂ ಹೊಡೆದಾಟವಾಗಿ ಎರಡೂ ಕಡೆ ಜೀವ ಹೋದವು. ಜಪಾನೀಯರು ಅದನ್ನು ಮರೆಯಲಿಲ್ಲ. ಡಿಂಗ್‌ಯುವಾನನ್ನು ಹೊಡೆಯಬೇಕೆಂದೇ ಫ್ರೆಂಚ್ ಎಂಜಿನಿಯರ್ ಎಮಿಲ್ ಬರ್ತಾಂ ಕೈಯಲ್ಲಿ ಮತ್ಸುಶಿಮ ಮಾದರಿಯ ಮೂರು ಹಡಗು ರೂಪಿಸಿಕೊಂಡರು, ಒಂದೊಂದಕ್ಕೂ 320 ಮಿಲಿಮೀಟರಿನ ಒಂದೊಂದು ಫಿರಂಗಿ. ಬೀದಿಯ ಮಕ್ಕಳು ಡಿಂಗ್‌ಯುವಾನ್, ಝೆನ್‌ಯುವಾನ್ ಹಿಡಿಯುವ ಆಟ ಆಡುತ್ತಿದ್ದರು.

ಇತ್ತ ಚೀನಾದಲ್ಲಿ ನಡೆದದ್ದು, ಒಳ್ಳೆಯ ಜೋಡೆತ್ತು ಕಟ್ಟಿಕೊಂಡು ಮೇವಿಗೆ ಕೈ ಹಿಂದೆಗೆದಂತೆ. 1888ರ ನಂತರ ಬೆಯಾಂಗ್ ದಳಕ್ಕೆ ದೊಡ್ಡ ಹೊಸ ಹಡಗು ಬರಲಿಲ್ಲ. 1891ರಲ್ಲಿ ಹಣಕಾಸು ಖಾತೆ, ವಿದೇಶದಿಂದ ಫಿರಂಗಿ, ಹಡಗು ಕೊಳ್ಳುವುದನ್ನು ಎರಡು ವರ್ಷ ನಿಲ್ಲಿಸಿತು. ಪಟ್ಟದ ಹಿಂದೆ ಕೂತು ರಾಜ್ಯ ನಡೆಸುತ್ತಿದ್ದ ಸಿಷಿ ರಾಜಮಾತೆಗೆ ಬೀಜಿಂಗಿನ ಹೊರಗೆ ಬೇಸಿಗೆ ಅರಮನೆ ಮತ್ತೆ ಕಟ್ಟಿಸಬೇಕಿತ್ತು. 1894ಕ್ಕೆ ಅವಳ ಅರವತ್ತನೆಯ ಹುಟ್ಟುಹಬ್ಬ. ನೌಕಾದಳದ ಹಣದಲ್ಲಿ ಎಷ್ಟು ಅಲ್ಲಿಗೆ ಹರಿಯಿತು ಎಂಬ ಲೆಕ್ಕದಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ, ಹರಿದದ್ದರಲ್ಲಿ ಅನುಮಾನವಿಲ್ಲ. ಆ ಅರಮನೆಯ ಕೆರೆಯ ದಡದಲ್ಲಿ ಅಮೃತಶಿಲೆಯ ದೋಣಿಯೊಂದಿದೆ. ಹದಿನೆಂಟನೇ ಶತಮಾನದ್ದನ್ನು 1893ರಲ್ಲಿ ಅವಳು ಹೊಸದಾಗಿ ಸಿಂಗರಿಸಿದಳು. ಅದೇ 1893ರಲ್ಲಿ ಜಪಾನಿನ ಮೆಯ್ಜಿ ಚಕ್ರವರ್ತಿ ಹಡಗು ಕಟ್ಟಲು ಆರು ವರ್ಷ, ವರ್ಷಕ್ಕೆ ಮೂರು ಲಕ್ಷ ಯೆನ್, ತನ್ನ ಅರಮನೆಯ ಖರ್ಚಿನಿಂದ ಕಡಿದು ಕೊಟ್ಟ. ಅಧಿಕಾರಿಗಳು ಸಂಬಳದ ಹತ್ತನೇ ಒಂದು ಪಾಲು ಬಿಟ್ಟರು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಡಗಿನವರು ಕೈಲಾಗದವರಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಡಿಂಗ್‌ಯುವಾನಿನ ಕಪ್ತಾನ ಲಿಯು ಬುಚಾನ್, ಝೆನ್‌ಯುವಾನಿನ ಕಪ್ತಾನ ಲಿನ್ ತೈಝೆಂಗ್, ಇಬ್ಬರೂ ಫುಝೌ ನೌಕಾಶಾಲೆಯಲ್ಲಿ ಕಲಿತು ಇಂಗ್ಲೆಂಡಿಗೆ ಹೋಗಿ ಬ್ರಿಟಿಷ್ ನೌಕೆಗಳಲ್ಲಿ ಪಳಗಿ ಬಂದವರು. ಲಿನ್ ತೈಝೆಂಗ್ ಹುಟ್ಟಿದ್ದು ಲಿನ್ ಝೆಷು ಮನೆತನದಲ್ಲಿ. 1839ರಲ್ಲಿ ಬ್ರಿಟಿಷ್ ವ್ಯಾಪಾರಿಗಳಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು ಕಸಿದು ನಾಶ ಮಾಡಿಸಿದ ಅಧಿಕಾರಿ ಈ ಲಿನ್ ಝೆಷು. ಆ ಅಫೀಮು ನಮ್ಮ ನೆಲದ್ದು. ಬಿಹಾರ, ಬನಾರಸ್ ಸೀಮೆಯಲ್ಲಿ ಕಂಪನಿ ಬೆಳೆಸಿ ಕಲ್ಕತ್ತೆಯಿಂದ ಕಳಿಸುತ್ತಿದ್ದದ್ದು, ಮಾಳ್ವದಲ್ಲಿ ಬೆಳೆದು ಮುಂಬಯಿಯಿಂದ ಹೊರಡುತ್ತಿದ್ದದ್ದು. ಅದನ್ನು ಮಾರುವ ಹಕ್ಕಿಗಾಗಿ ಬ್ರಿಟನ್ ಯುದ್ಧ ಮಾಡಿತು, ಸೋತ ಚೀನಾಕ್ಕೆ ಕಬ್ಬಿಣದ ಹಡಗು ಬೇಕೆನಿಸಿದ ದಾರಿ ಶುರುವಾದದ್ದೇ ಅಲ್ಲಿ. ಚೀನಾದ ಹಡಗಿನ ಕತೆ ನಮಗೆ ಪರದೇಶದ್ದಲ್ಲ ಅನ್ನುವುದು ಇದಕ್ಕೇ.

1894ರ ಸೆಪ್ಟೆಂಬರ್ 17. ಕೊರಿಯಾದ ವಿಷಯಕ್ಕೆ ಹೊತ್ತಿದ ಯುದ್ಧದಲ್ಲಿ ಯಾಲು ನದಿಯ ಮುಖದ ಬಳಿ ಎರಡೂ ದಳಗಳು ಎದುರಾದವು. ಮಧ್ಯಾಹ್ನ ಒಂದು ಗಂಟೆಗೆ ಮುಂಚೆ ಮೊದಲ ಗುಂಡು ಹಾರಿಸಿದ್ದು ಡಿಂಗ್‌ಯುವಾನ್, ಐದು ಸಾವಿರ ಮೀಟರಿಗೂ ಹೆಚ್ಚು ದೂರದಿಂದ. ಫಿರಂಗಿಗಳ ಮೇಲಿದ್ದ ನಡೆಸೇತುವೆ ಕುಸಿದು ದಳಪತಿ ಡಿಂಗ್ ರುಚಾಂಗನ ಕಾಲು ಜಖಂ ಆಯಿತು. ಸನ್ನೆ ಬಾವುಟ ಏರಿಸುವ ಕೂವೆಮರವೂ ಬೇಗ ಹೋಯಿತು. ಅಲ್ಲಿಂದ ಮುಂದೆ ಒಂದೊಂದು ಹಡಗೂ ತನ್ನ ತಿಳಿವಳಿಕೆಯಂತೆ ಹೊಡೆದಾಡಬೇಕಾಯಿತು. ಜಪಾನೀಯರ ಹಡಗುಗಳು ವೇಗದವು, ಅವುಗಳ ಮಧ್ಯಮ ಫಿರಂಗಿಗಳು ಎಡೆಬಿಡದೆ ಹೊಡೆಯುವಂಥವು. ಡಿಂಗ್‌ಯುವಾನಿನ ದೊಡ್ಡ ಫಿರಂಗಿಗೆ ಒಮ್ಮೆ ಗುಂಡು ತುಂಬಿ ಗುರಿ ಹಿಡಿಯುವುದರೊಳಗೆ ಅವು ಹತ್ತಾರು ಗುಂಡು ಸುರಿಸುತ್ತಿದ್ದವು.

ಎರಡೂ ಹಡಗುಗಳ ಮೇಲೆ ಒಂದೊಂದಕ್ಕೂ ನೂರೈವತ್ತಕ್ಕೂ ಮಿಕ್ಕಿ ಗುಂಡು ಬಿದ್ದವು. ಮೇಲಿನ ಅಟ್ಟಗಳು ಉರಿದವು, ಕವಚವಿಲ್ಲದ ತುದಿಗಳು ಜರಡಿಯಾದವು. ಆ 14 ಇಂಚಿನ ಪಟ್ಟಿಯನ್ನು ಒಂದು ಗುಂಡೂ ಕೊರೆದು ಒಳಗೆ ಹೋಗಲಿಲ್ಲ.

ಆದರೆ ಮದ್ದಿನ ಕೋಣೆಯಲ್ಲಿ, ಬಿದ್ದ ಜಾಗದಲ್ಲಿ ಸಿಡಿಯುವ ದೊಡ್ಡ ಗುಂಡುಗಳು ಬೇಕಾದಷ್ಟು ಇರಲಿಲ್ಲ. ಸೈಕ್ಯೊ ಮಾರು ಎಂಬ ಜಪಾನೀ ಹಡಗು ಮೂಲತಃ ಪ್ರಯಾಣಿಕರದ್ದು, ಕವಚವೇ ಇಲ್ಲದ್ದು. ಜಪಾನಿನ ನೌಕಾ ಮುಖ್ಯಸ್ಥ ಕಬಯಾಮ ಅದರಲ್ಲೇ ಇದ್ದ. ಅದಕ್ಕೆ ಚೀನೀ ಹಡಗುಗಳ ದೊಡ್ಡ ಗುಂಡುಗಳು ನೆಟ್ಟಗೆ ತಗುಲಿದವು. ಈ ಬದಿಯಿಂದ ಹೊಕ್ಕು ಆ ಬದಿಯಿಂದ ಹೊರಟುಹೋದವು, ಸಿಡಿಯಲಿಲ್ಲ. ಸೈಕ್ಯೊ ಮಾರು ಉಳಿಯಿತು. ಸಿಡಿಯುವ ಗುಂಡು ಸಿಕ್ಕಾಗ ಏನಾಗುತ್ತಿತ್ತು ಎಂಬುದಕ್ಕೆ ಅದೇ ಮಧ್ಯಾಹ್ನ ಸಾಕ್ಷಿ ಇದೆ. ಝೆನ್‌ಯುವಾನಿನ ಒಂದೇ ಗುಂಡು ಜಪಾನೀ ದಳಪತಿಯ ಮತ್ಸುಶಿಮ ಹಡಗಿನ ಫಿರಂಗಿ ಅಟ್ಟದಲ್ಲಿ ಸಿಡಿದು, ಅಲ್ಲಿ ಇಟ್ಟಿದ್ದ ಮದ್ದಿಗೂ ಬೆಂಕಿ ತಗುಲಿ, ನೂರರ ಹತ್ತಿರ ಜನ ಸತ್ತು ಗಾಯಗೊಂಡರು. ದಳಪತಿ ಇತೊ ಬೇರೆ ಹಡಗಿಗೆ ಬಾವುಟ ಬದಲಾಯಿಸಬೇಕಾಯಿತು. ಡಿಂಗ್‌ಯುವಾನನ್ನು ಕೊಲ್ಲಲೆಂದೇ ಮಾಡಿಸಿದ ಹಡಗು ಅದು. ಇಂಥ ಗುಂಡು ಇನ್ನಷ್ಟು ಇದ್ದಿದ್ದರೆ? ಓದುವಾಗ ಪ್ರತಿಸಲ ಇಲ್ಲಿ ನಿಲ್ಲುತ್ತೇನೆ. ಕಬ್ಬಿಣ ತನ್ನ ಮಾತು ಉಳಿಸಿಕೊಂಡಿತು, ಹಡಗಿನ ಮಂದಿ ಉಳಿಸಿಕೊಂಡರು. ಉಳಿಸಿಕೊಳ್ಳದವರು ದಡದಲ್ಲಿದ್ದರು.

ಆ ಕದನದಲ್ಲಿ ಚೀನಾ ಐದು ಹಡಗು ಕಳೆದುಕೊಂಡಿತು. ಎರಡು ಕವಚದ ಹಡಗುಗಳು ಹೊಗೆಯಾಡುತ್ತ ನಿಂತೇ ಇದ್ದವು, ಕತ್ತಲಾಗುವಾಗ ಜಪಾನೀಯರೇ ಹಿಂದೆ ಸರಿದರು. ಝೆನ್‌ಯುವಾನಿನಲ್ಲಿ ಫಿಲೊ ಮೆಕ್‌ಗಿಫಿನ್ ಎಂಬ ಅಮೆರಿಕನ್ ಅಧಿಕಾರಿ ಇದ್ದ. ಮೈತುಂಬ ಗಾಯವಾಗಿ ಊರಿಗೆ ಮರಳಿದ ಅವನು, ಚೀನೀ ನಾವಿಕರು ಕೊನೆಯ ತನಕ ಎದೆಗೆಡದೆ ಹೊಡೆದಾಡಿದ್ದನ್ನು ಬರೆದು ಲೋಕಕ್ಕೆ ತಿಳಿಸಿದ.

ಮುಂದಿನದು ವೇಯ್‌ಹಾಯ್‌ವೇಯ್ ಬಂದರಿನ ಚಳಿಗಾಲ. ನವೆಂಬರಿನಲ್ಲಿ ಬಂದರು ಹೊಗುವಾಗ ಝೆನ್‌ಯುವಾನಿನ ತಳ ಬಂಡೆಗೆ ಸೀಳಿತು. ಹತ್ತಿರ ದುರಸ್ತಿಗೆ ಒಣಕಟ್ಟೆ ಇಲ್ಲ. ಇದ್ದ ಒಂದು ಪೋರ್ಟ್ ಆರ್ಥರಿನಲ್ಲಿ, ಅದು ಜಪಾನೀಯರ ಕೈಸೇರುವುದರಲ್ಲಿತ್ತು. ಕಪ್ತಾನ ಲಿನ್ ತೈಝೆಂಗ್ ಆ ಅಪರಾಧ ತನ್ನದೆಂದು ಅಫೀಮು ನುಂಗಿ ಪ್ರಾಣ ಬಿಟ್ಟ. ಅಫೀಮು ನಾಶ ಮಾಡಿಸಿ ಹೆಸರಾದ ಮನೆತನದ ಮಗ! ಆ ಹೊತ್ತಿಗೆ ಚೀನಾದ ಹೊಲಗಳಲ್ಲೇ ಅಫೀಮು ಹುಲುಸಾಗಿ ಬೆಳೆಯುತ್ತಿತ್ತು. ನಾವು ಅಲ್ಲಿಗೆ ಹೊತ್ತು ಹಾಕಿದ ಚಟ ಅಲ್ಲೇ ಬೇರು ಬಿಟ್ಟಿತ್ತು.

1895ರ ಫೆಬ್ರವರಿ 4ರ ನಡುರಾತ್ರಿ ದಾಟಿದ ಮೇಲೆ ಜಪಾನೀ ಟಾರ್ಪೆಡೊ ದೋಣಿಗಳು ಬಂದರಿನ ತಡೆಬೇಲಿ ದಾಟಿ ನುಸುಳಿದವು. ಟಾರ್ಪೆಡೊ ತಗುಲಿದ್ದು ನೀರಿನ ಕೆಳಗೆ, ಹಿಂಭಾಗದಲ್ಲಿ, ಕವಚ ಇಲ್ಲದ ಕಡೆ. ಮುಳುಗುವ ಹಡಗನ್ನು ಲಿಯು ಬುಚಾನ್ ಲಿಯುಗಾಂಗ್ ದ್ವೀಪದ ತಗ್ಗು ನೀರಿಗೆ ಒಯ್ದು ಕೂರಿಸಿದ. ಕೂತಲ್ಲಿಂದಲೇ ಡಿಂಗ್‌ಯುವಾನ್ ಕೋಟೆಯ ಬುರುಜಿನಂತೆ ಇನ್ನೂ ಕೆಲವು ದಿನ ಗುಂಡು ಹಾರಿಸಿತು. ಕೊನೆಗೆ ಶತ್ರುವಿನ ಪಾಲಾಗಬಾರದೆಂದು ತಮ್ಮ ಕೈಯಾರೆ ಸಿಡಿಮದ್ದಿಟ್ಟು ಅದನ್ನು ಒಡೆದರು. ಲಿಯು ಬುಚಾನ್ ಹಡಗಿನ ಹಿಂದೆಯೇ ತನ್ನ ಜೀವ ತೆಗೆದುಕೊಂಡ. ಶರಣಾದರೆ ಜಪಾನಿನಲ್ಲಿ ಆಶ್ರಯ ಕೊಡುವುದಾಗಿ ದಳಪತಿ ಇತೊ ಬರೆದ ಕಾಗದಕ್ಕೆ ಡಿಂಗ್ ರುಚಾಂಗ್ ಒಪ್ಪಿರಲಿಲ್ಲ. ಫೆಬ್ರವರಿ 12ರಂದು ಅವನೂ ಅಫೀಮು ನುಂಗಿದ. ಅವನ ಶವ ಸಾಗಿಸಲು ಇತೊ ಒಂದು ಹಡಗನ್ನು ಬಿಟ್ಟುಕೊಟ್ಟ, ಅದು ಹಾದುಹೋಗುವಾಗ ಜಪಾನೀ ಹಡಗುಗಳ ಬಾವುಟ ಇಳಿದವು.

ಏಪ್ರಿಲಿನ ಶಿಮೊನೊಸೆಕಿ ಒಪ್ಪಂದದಲ್ಲಿ ತೈವಾನ್ ಹೋಯಿತು, ಮೇಲೆ 20 ಕೋಟಿ ತೇಲ್ ಬೆಳ್ಳಿ ದಂಡ. ಆ ದಂಡದ ಒಂದು ಪಾಲಿನಲ್ಲಿ ಜಪಾನ್ ಯವಾತಾದಲ್ಲಿ ಉಕ್ಕಿನ ಕಾರ್ಖಾನೆ ಕಟ್ಟಿ 1901ರಲ್ಲಿ ಕುಲುಮೆ ಹಚ್ಚಿತು.

ಸೆರೆಸಿಕ್ಕ ಝೆನ್‌ಯುವಾನ್ ‘ಚಿನ್ ಎನ್’ ಎಂಬ ಹೆಸರಿನಲ್ಲಿ ಜಪಾನಿನ ಬಾವುಟ ಹೊತ್ತು ದುಡಿಯಿತು, 1905ರ ತ್ಸುಶಿಮ ಕದನದಲ್ಲೂ ಇತ್ತು, ಆಮೇಲೆ ಗುಜರಿಗೆ ಹೋಯಿತು. ಅದರ ಲಂಗರನ್ನು ಟೋಕಿಯೊದ ಉಯೆನೊ ಉದ್ಯಾನದಲ್ಲಿ ಗೆಲುವಿನ ಗುರುತಾಗಿ ಇಟ್ಟರು. ಅಲ್ಲಿಗೆ ಹೋದ ಚೀನೀ ವಿದ್ಯಾರ್ಥಿಗಳು ಅದನ್ನು ನೋಡಿಕೊಂಡೇ ಹಾದು ಹೋಗಬೇಕಿತ್ತು.

ಇಲ್ಲಿ ನಮ್ಮ ಊರಿನ ಹೆಸರು ಬರುತ್ತದೆ. ಸಮುದ್ರವಿಲ್ಲದ ಹೈದರಾಬಾದಿನ ದೊರೆಯ ಹೆಸರಿನಲ್ಲೂ ಒಂದು ಯುದ್ಧನೌಕೆ ಇತ್ತು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಕಟ್ಟಿ, 1941ರ ಜನವರಿಯಲ್ಲಿ ಆಸ್ಟ್ರೇಲಿಯಾದ ನೌಕಾದಳಕ್ಕೆ ಸೇರಿಸಿದ ‘ನಿಜಾಮ್’. ಮೆಡಿಟರೇನಿಯನ್ನಿನಲ್ಲಿ ಓಡಾಡಿ, ಪೆಸಿಫಿಕ್ ಹಾಯ್ದು, 1945ರ ಸೆಪ್ಟೆಂಬರಿನಲ್ಲಿ ಜಪಾನ್ ಶರಣಾದ ದಿನ ಅದು ಟೋಕಿಯೊ ಕೊಲ್ಲಿಯಲ್ಲಿ ನಿಂತಿತ್ತು. ಆಗ ಝೆನ್‌ಯುವಾನಿನ ಲಂಗರು ಅದೇ ಊರಿನಲ್ಲಿತ್ತು. 1947ರಲ್ಲಿ ಅದು ಚೀನಾಕ್ಕೆ ಮರಳಿತು, ಈಗ ಬೀಜಿಂಗಿನ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಅಬಿಡ್ಸ್‌ನ ಚೌಕದಲ್ಲಿ ನಿಂತು ಇದನ್ನು ಯಾರಿಗಾದರೂ ಹೇಳಬೇಕು ಅನಿಸುತ್ತಿತ್ತು. ಮುಂದಿನ ಭಾನುವಾರ ಪುಸ್ತಕದ ಅಂಗಡಿಯವನಿಗೇ ಹೇಳಿದೆ. “ಅಪ್ನೇ ನಿಜಾಮ್ ಕಾ ಜಹಾಜ್?” ಎಂದು ಎರಡು ಸಲ ಕೇಳಿ, ಪಕ್ಕದ ಟಾರ್ಪಾಲಿನವನನ್ನು ಕೂಗಿ ಕರೆದು ಅವನಿಗೂ ಹೇಳಿಸಿದ.

ಡಿಂಗ್‌ಯುವಾನ್ ಒಡೆದ ಮೇಲೆ ಅದರ ಮರ, ಕಬ್ಬಿಣವನ್ನು ಒನೊ ರ್ಯುಸುಕೆ ಎಂಬಾತ ನೀರಿನಿಂದ ತೆಗೆಸಿ, ಜಪಾನಿನ ದಜೈಫು ಊರಿನಲ್ಲಿ ಒಂದು ಮನೆ ಕಟ್ಟಿಸಿದ. ಆ ಮನೆ ಇವತ್ತಿಗೂ ಇದೆ. ಅದರ ಹೆಬ್ಬಾಗಿಲಿಗೆ ಹಡಗಿನ ತಗಡು ಬಡಿದಿದ್ದಾರೆ, ತಗಡಿನಲ್ಲಿ ಗುಂಡು ಹೊಕ್ಕ ತೂತುಗಳು ಹಾಗೇ ಇವೆ, ಅಂಚು ಒಳಕ್ಕೆ ಮಡಚಿಕೊಂಡು. ಚಿತ್ರದಲ್ಲಿ ಅದನ್ನು ನೋಡಿದಾಗ ಮೊದಲು ನಾನು ಬೇರೆಯೇ ಅರ್ಥ ಮಾಡಿಕೊಂಡಿದ್ದೆ. ಅದು ಹೊರಮೈಯ ತೆಳು ತಗಡು, ಕವಚವಲ್ಲ.

ಕವಚ ಲಿಯುಗಾಂಗ್ ದ್ವೀಪದ ಬಳಿ ಕೆಸರಿನಲ್ಲೇ ಹೂತಿತ್ತು. ಒಡೆದ ಹಡಗು ಬಿದ್ದ ಜಾಗವನ್ನು ಚೀನಾದ ಪುರಾತತ್ವ ತಜ್ಞರು 2019ರಲ್ಲಿ ಗುರುತಿಸಿದರು. ಮರುವರ್ಷ ಅಲ್ಲಿಂದ ಒಂದು ಕವಚದ ಹಲಗೆ ಮೇಲೆತ್ತಿದರು: ಎರಡೂವರೆ ಮೀಟರಿಗೂ ಮಿಕ್ಕ ಉದ್ದ, ಹೆಚ್ಚುಕಡಿಮೆ ಅಷ್ಟೇ ಅಗಲ, ಒಂದಡಿಗೂ ಮೀರಿದ ದಪ್ಪ, 18 ಟನ್ನಿಗೂ ಹೆಚ್ಚು ತೂಕ. ನೂರಿಪ್ಪತ್ತೈದು ವರ್ಷದ ತುಕ್ಕು, ಕಪ್ಪೆಚಿಪ್ಪು ಹೊತ್ತು, ನೀರು ಸುರಿಸುತ್ತ, ಕ್ರೇನಿನ ಸರಪಳಿಯಲ್ಲಿ ಅದು ಇಡಿಯಾಗಿ ಮೇಲೆ ಬಂತು.